ವಯಸ್ಸಾಗಿ ಹೋದವರಲ್ಲ

ಮೊಮ್ಮಕ್ಕಳೇ, ರೇಣುಕಾ, ಮಲ್ಲೇಶಿ, ಎದುರಿಗೆ ಕೂತು ಹೇಳಲು ನನಗೆ ನಾಲಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾಲೇಜಿನ ರಜೆಯಲ್ಲಿ, ರೇಣುಕಾ, ನೀನು ಒಲೆಯ ಮೇಲೆ ರವೆ ಬೆಲ್ಲ ಬೇಯಿಸುತ್ತಿದ್ದೆ. ಸಜ್ಜಕವೆಂದು ತಿಳಿದು ನಾನು ಏಲಕ್ಕಿ ಹಾಕಲು ಬಂದೆ.

"ಆಯಿ, ಕೈ ತಗೀ! ಇದು ನೊಣಕ್ಕ."

"ನಮಗಿಲ್ಲದ ಸಜ್ಜಕ ನೊಣಕ್ಕೇನ?"

ಮಾಗಿದ ಬಾಳೆಹಣ್ಣಿನ ಸುತ್ತ ಹಾರುವ ಸಣ್ಣ ನೊಣಗಳು, ನಿನ್ನ ಕಾಲೇಜಿನ ಪ್ರಯೋಗಕ್ಕೆ. ಒಂದು ಬಾಟಲಿಯಲ್ಲಿ ಹತ್ತು. ಇನ್ನೊಂದರಲ್ಲಿ ಕಾಲಿಡಲು ಜಾಗವಿಲ್ಲ. ದಿನಾ ಬೆಳಗ್ಗೆ ನೀನು ಸತ್ತವನ್ನು ಎಣಿಸಿ ವಹಿಯಲ್ಲಿ ಬರೆಯುತ್ತಿದ್ದೆ. ಕಿಕ್ಕಿರಿದ ಬಾಟಲಿಯೇ ಮೊದಲು ಬರಿದಾಯಿತು.

"ಅಲ್ಲಿ ಲಗೂನ ಮುಪ್ಪು ಬರತೈತೇನು?" ಎಂದು ನಾನು ಕೇಳಿದೆ.

"ಮುಪ್ಪು ಬ್ಯಾರೆ, ಸಾವು ಬ್ಯಾರೆ, ಆಯಿ. ಇಕ್ಕಟ್ಟು ಮುಪ್ಪಿನ ದಾರಿ ಕಾಯಂಗಿಲ್ಲ."

ಆ ಮಾತಿಗೆ ನನಗೆ ನಿಮ್ಮ ಅಜ್ಜನ ಸಾವು ನೆನಪಾಯಿತು. ಗೋವೆಯ ದಾಬೋಲಿಮ್ಮಿನಲ್ಲಿ, ಕೂಲಿಗಳ ತಗಡಿನ ಶೆಡ್ಡಿನೊಳಗೆ, ಹದಿನೆಂಟು ಜನರ ಕೆಮ್ಮಿನ ನಡುವೆ ಉಸಿರು ಬಿಟ್ಟಾಗ ಅವರಿಗೆ ನಲವತ್ತೊಂಬತ್ತು. ಕೂಲಿ ಮಾಡಿಸುವ ಮುಕಾದಮ ಬಂದು, "ವಯಸ್ಸಾಗಿತ್ತು ಬಿಡ್ರಿ," ಎಂದ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದೆ. ನೊಣದ ಸಾವನ್ನು ಬರೆದಿಡಲು ಕಾಲೇಜಿದೆ. ಗೋವೆಯ ಮಹಡಿಗಳನ್ನು ಕಟ್ಟಿದವನ ಸಾವಿಗೆ ಒಂದು ಸುಳ್ಳು ಮಾತು ಸಾಕಾಯಿತು!

ಬದುಕಿದ್ದಷ್ಟು ದಿನವೂ ಅವರಿಗೆ ಸಿಕ್ಕಿದ್ದು ಒಂದೇ ಉಪದೇಶ: ಅಡ್ಜಸ್ಟ್ ಮಾಡಿಕೋ. ಹಿಂದಿಯವನು, ಮರಾಠಿಯವನು, ಕೊಂಕಣಿಯವನು, ನಮ್ಮ ಕನ್ನಡದವನು, ಯಾರ ಬಾಯಲ್ಲಾದರೂ ಆ ಪದ ಒಂದೇ, ಅದನ್ನು ಕೇಳಬೇಕಾದವರೂ ಒಂದೇ ಜನ. ಹೇಳುವವನು ಮಾತ್ರ ತನ್ನ ಮನೆಯಲ್ಲಿ ಕೈಕಾಲು ಚಾಚಿ ಮಲಗುತ್ತಾನೆ.

ನಿನ್ನೆ ನೀವಿಬ್ಬರೂ ಹೊರಗೆ ಹೋದಾಗ ನಾವಿರುವ ಈ ಕೊರ್ತಾಲಿಮ್ಮಿನ ಒಂದೇ ಕೋಣೆಯ ಖೋಲಿಗೂ ಅದೇ ಪದ ಬಂತು. ನಿಮ್ಮಪ್ಪನ ಕೆಲಸದ ಮುಕಾದಮ ಬಾಗಿಲಲ್ಲಿ ನಿಂತು, "ಆಯಿ, ಇನ್ನಿಬ್ಬರು ಬರ್ತಾರ. ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ," ಎಂದ. ನಾವೈವರು ಮಲಗಿದರೆ ಮಲ್ಲೇಶಿಯ ಕಾಲು ಹೊಸ್ತಿಲಾಚೆ ಇರುತ್ತದೆ.

"ಆಗಂಗಿಲ್ರಿ," ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ.

"ಏನ್ ಆಯಿ, ಬಾಯಿ ಬಂತಲ್ಲ!"

"ಹೌದ್ರಿ. ಭಾಳ ತಡಾ ಆತು."

ನಿಮ್ಮಪ್ಪನನ್ನು ಕೇಳುತ್ತೇನೆಂದು ಗದರಿಸಿ ಹೋದ. ಖೋಲಿ ಅವನು ಕೊಟ್ಟಿದ್ದು; ಉಳಿಯುತ್ತದೋ ಇಲ್ಲವೋ ತಿಳಿಯದು. ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ; ನಾಳೆ ಗಂಟುಮೂಟೆ ಕಟ್ಟಬೇಕಾಗಿ ಬಂದರೆ, ಪಾತ್ರೆಗಳಿಗಿಂತ ಮೊದಲು ಇವನ್ನು ಎತ್ತಿಕೊಳ್ಳಿ.