ತಾತನ ಹೆಸರು

ಬಸವನಗುಡಿಯ ನಮ್ಮ ಓದುಗರ ಕೂಟದಲ್ಲಿ ಆಸ್ಟ್ರೇಲಿಯಾದ ಲೇಖಕಿಯೊಬ್ಬರ ಕಥಾಸಂಕಲನದ ಬಗ್ಗೆ ಮಾತಾಡುವ ಸರದಿ ನನ್ನದಾಗಿತ್ತು. ಮೊದಲ ಕಥೆಯಲ್ಲಿ ಒಬ್ಬ ಹುಡುಗ, ಕೊನೆಯದರಲ್ಲಿ ಅದೇ ಹೆಸರಿನ ಮುದುಕ. ನಮ್ಮ ಮನೆಗಳಂತೆ ಅಲ್ಲಿಯೂ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರಲ್ಲ ಎಂದು ಪುಳಕಗೊಂಡು, ಸಂಪ್ರದಾಯದ ಮೇಲೆ ದೊಡ್ಡ ಭಾಷಣವನ್ನೇ ಬಿಗಿದೆ. ನನಗೂ ತಾತನದೇ ಹೆಸರು ಎಂದು ಎದೆಯುಬ್ಬಿಸಿ ಹೇಳಿಕೊಂಡೆ.

ಎದುರಿಗಿದ್ದ ನಿವೃತ್ತ ಶಿಕ್ಷಕಿ ಕನ್ನಡಕ ತೆಗೆದರು. "ಸರ್, ಕಥೆಗಳೆಲ್ಲ ಒಂದಕ್ಕೊಂದು ಸೇರ್ಕೊಂಡಿವೆ. ಆ ಹುಡುಗನೇ ಕೊನೇಲಿ ಮುದುಕ ಆಗಿರೋದು."

ತಟ್ಟೆಯಲ್ಲಿದ್ದ ಬೋಂಡಾವನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ನಗಲೂ ಇಲ್ಲ.

"ಅಲ್ಲೂ ಹೋಗಿ ತಾತನ ಹೆಸರು ಕೆಡಿಸಿ ಬಂದ್ರಾ" ಎಂದಳು.