ಲೋಟ ತೊಳೆಯುವವರು ಯಾರು?

ನನಗೆ ಸಿಟ್ಟು ಬಂದಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪರಿಸರದ ಬಗ್ಗೆ ಬರೆಯುವವರೆಲ್ಲ ಹಕ್ಕಿ, ಹೊಳೆ, ತಂಗಾಳಿ ಅಂತ ಮೆತ್ತಗೆ ಶುರು ಮಾಡುತ್ತಾರೆ. ನನ್ನದು ಶುರುವಾಗುವುದು ಕೊತ್ತಂಬರಿ ಸೊಪ್ಪಿನಿಂದ.

ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಗೆ ಇನ್ನು ಮುಂದೆ ಪ್ಲಾಸ್ಟಿಕ್ ಕವರ್ ಬರಕೂಡದು ಎಂದು ಹೋದ ಯುಗಾದಿಗೆ ಪಣ ತೊಟ್ಟೆ. ಪರಿಚಯದವರೊಬ್ಬರು ಜೀನ್ಸ್ ಪ್ಯಾಂಟ್ ಹೊಲಿಸುತ್ತಾರೆ. ಅವರು ಎಸೆಯುವ ತುಂಡುಗಳನ್ನು ತಂದು ಚೀಲ ಹೊಲಿದೆ. ಎಂಥ ಚೀಲ ಅಂತೀರಿ! ಕುಂಬಳಕಾಯಿ ಹಾಕಿದರೂ ಹಿಡಿಕೆ ಹರಿಯುವುದಿಲ್ಲ. ಆದರೆ ಸೊಪ್ಪಿನ ಈರಮ್ಮನ ಮುಂದೆ ಅದರ ಬಾಯಿ ಅಗಲಿಸಿ ಹಿಡಿದರೆ ಅವಳು ಅದರ ಕಡೆ ನೋಡುವುದೇ ಇಲ್ಲ. ಅವಳ ಕೈ ತನ್ನಷ್ಟಕ್ಕೆ ತಾನೇ ಒಂದು ಕವರ್ ಎಳೆಯುತ್ತದೆ, ಸೊಪ್ಪು ತುರುಕುತ್ತದೆ, ಗಂಟು ಹಾಕುತ್ತದೆ, ಆಮೇಲೆ ಆ ಗಂಟನ್ನು ನನ್ನ ಚೀಲದೊಳಗೆ ಇಳಿಬಿಡುತ್ತದೆ.

"ಕವರ್ ಬ್ಯಾಡವ್ವಾ ಅಂದ್ನಲ್ಲ!"

"ಇರ್ಲಿ ಬಿಡ್ರಿ ಟೀಚರಮ್ಮ. ಕವರಿಗೇನು ರೊಕ್ಕ ಇಲ್ಲ. ನಿಮ್ಮ ಚೀಲ ಹೊಲಸಾಕ್ಕೈತಿ ಅಂತ ಹಾಕೀನಿ."

ಚೀಲ ಹೊಲಸಾಗಬಾರದಂತೆ! ಇದೇ ಕವರು ಸಿಕ್ಕಿ ಗಟಾರ ತುಂಬಿ ರಸ್ತೆಗೆ ಹರಿದರೆ ಅದಕ್ಕೆ ಯಾರೂ ಅಡ್ಡ ಬರುವುದಿಲ್ಲ. ನಾನು ಗಂಟು ಬಿಚ್ಚಿ ಕವರನ್ನು ವಾಪಸ್ ಕೊಡುತ್ತೇನೆ. ಹಿಂದೆ ನಿಂತವರು "ಜಲ್ದಿ ಮಾಡ್ರಿ" ಎಂದು ಗೊಣಗುತ್ತಾರೆ. ಇಡ್ಲಿ ಅಂಗಡಿಗೆ ಡಬ್ಬಿ ಒಯ್ದರೆ ಅಲ್ಲೂ ಇದೇ ಕಥೆ. ಬಿಸಿ ಸಾಂಬಾರನ್ನು ಮೊದಲು ಕವರಿಗೆ ಸುರಿದು, ಆ ಕವರನ್ನು ಡಬ್ಬಿಯಲ್ಲಿ ಕೂರಿಸಿ, ಮೇಲೆ ಮುಚ್ಚಳ ಹಾಕಿಕೊಡುತ್ತಾನೆ. ನಾನೂ ಏನು ಸಾಚಾ ಅಲ್ಲ ಬಿಡಿ. ಬಿದಿರಿನ ಹಲ್ಲುಜ್ಜುವ ಬ್ರಷ್ ಬೇಕೆಂದು ಮೊಬೈಲಿನಲ್ಲಿ ತರಿಸಿದೆ. ಅದು ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೊಂಡು ಬಂತು. ಉರಿದುಬಿದ್ದು ಆ ಗುಳ್ಳೆಗಳನ್ನೆಲ್ಲ ಪಟಪಟ ಒಡೆದೆ. ಒಡೆಯುವಾಗ ಮಜಾ ಬಂದದ್ದೂ ಸುಳ್ಳಲ್ಲ.

ಇನ್ನು ನಮ್ಮ ಮನೆಯವರು. ನಿವೃತ್ತ ಹೆಡ್‌ಮಾಸ್ತರು, ಪರಿಸರಪ್ರೇಮಿ, ಭಾಷಣಕಾರರು. ಆದರೆ ಚೀಲ ಮುಟ್ಟುವುದಿಲ್ಲ. "ಗಂಡಸು ಚೀಲ ಜೋತಾಡಿಸ್ಕೊಂಡು ಹೋದ್ರ ಚಂದ ಕಾಣಂಗಿಲ್ಲ" ಅನ್ನುತ್ತಾರೆ. ಇವರ ಅಪ್ಪ, ಅಂದರೆ ನಮ್ಮ ಮಾವ, ತಮ್ಮೂರು ರಾರಾವಿಯಲ್ಲಿ ಕಂಕುಳಲ್ಲಿ ಚೀಲ ಮಡಚಿಕೊಳ್ಳದೆ ಹೊಸ್ತಿಲು ದಾಟಿದವರಲ್ಲ. ಅವರಿಗೆ ಚಂದ ಕಂಡದ್ದು ಮಗನಿಗೆ ಹೇಗೆ ಕಾಣದಾಯಿತೋ ದೇವರೇ ಬಲ್ಲ.

ಇವರ ಭಾಷಣದಲ್ಲಿ ಹಿಂದಿನ ಕಾಲ ತಪ್ಪದೆ ಬರುತ್ತದೆ. ಆಗ ಸಕ್ಕರೆಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟುತ್ತಿದ್ದರು, ಎಣ್ಣೆಯ ಸೀಸೆಗೆ ದಾರ ಕಟ್ಟಿ ಅಂಗಡಿಗೆ ಒಯ್ಯುತ್ತಿದ್ದರು, ಮುತ್ತುಗದ ಎಲೆಯಲ್ಲಿ ಉಣ್ಣುತ್ತಿದ್ದರು. ನಿಜ. ಆದರೆ ಆ ಜಿಡ್ಡುಗಟ್ಟಿದ ಸೀಸೆಯೊಳಗೆ ಸೀಗೆಪುಡಿ ಹಾಕಿ ಕುಲುಕಿ ಕುಲುಕಿ ತೊಳೆಯುತ್ತಿದ್ದವರು ಯಾರು? ಕೂತು ಕಡ್ಡಿ ಚುಚ್ಚಿ ಎಲೆ ಹಚ್ಚುತ್ತಿದ್ದವರು ಯಾರು? ಆ ಮಾತು ಭಾಷಣದಲ್ಲಿ ಬರುವುದಿಲ್ಲ. ಕುರುಗೋಡಿನ ಒಂದು ಶಾಲೆಯವರು ಇವರನ್ನು ಕರೆಸಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಹೂಗುಚ್ಛ ಕೊಟ್ಟು, "ಮನೆಯನ್ನೇ ಪ್ಲಾಸ್ಟಿಕ್‌ಮುಕ್ತ ಮಾಡಿದವರು" ಎಂದು ಶಾಲು ಹೊದಿಸಿ ಸನ್ಮಾನ ಮಾಡಿದರು. ನಾನು ಸಭೆಯಲ್ಲಿ ಕೂತು ಚಪ್ಪಾಳೆ ತಟ್ಟಿದೆ, ಏನು ಮಾಡಲಿ.

ಆ ಶಾಲು ಹೊದ್ದ ಹುರುಪಿನಲ್ಲಿಯೇ ಇವರು ಸಿರುಗುಪ್ಪದ ಮದುವೆಗೆ ಕೈ ಹಾಕಿದರು. ಮದುವೆ ನನ್ನ ತಮ್ಮನ ಮಗಳು ಶಿಲ್ಪಾಳದು. ಕಾಲೇಜು ಮುಗಿಸುವವರೆಗೂ ಅವಳು ಇದ್ದದ್ದು ನಮ್ಮ ಮನೆಯಲ್ಲಿ. ಹೆತ್ತಿಲ್ಲ ಅನ್ನುವುದೊಂದು ಬಿಟ್ಟರೆ ಮಗಳೇ. ಅವಳ ಅಕ್ಕಿಕಾಳು, ಅಂದರೆ ಕೊರಳಿಗೆ ತಾಳಿ ಬೀಳುವ ಆ ಗಳಿಗೆ, ಕಣ್ಣಾರೆ ನೋಡಬೇಕು, ಅವಳ ತಲೆಯ ಮೇಲೆ ನನ್ನ ಕೈಯಾರೆ ನಾಲ್ಕು ಕಾಳು ಹಾಕಬೇಕು; ನನಗಿದ್ದದ್ದು ಇದೊಂದೇ ಆಸೆ.

"ಮದುವ್ಯಾಗ ಒಂದು ಪ್ಲಾಸ್ಟಿಕ್ ಲೋಟ, ಒಂದು ಬಾಟ್ಲಿ ಕಾಣಬಾರ್ದು" ಎಂದು ಇವರು ತಮ್ಮನಿಗೆ ತಾಕೀತು ಮಾಡಿದರು. ನಾನೂ ಹೌದೌದು ಎಂದೆ. ಗುಡಿಯಿಂದ ಸ್ಟೀಲ್ ಲೋಟಗಳು ಬಂದವು. ಅಡುಗೆಯ ಕಂತ್ರಾಟುದಾರ ಬುದ್ಧಿವಂತ, ಮುಂಚೆಯೇ ಕೇಳಿದ.

"ಸ್ಟೀಲ್ ಅಂದ್ರ ತೊಳ್ಯಾಕ ಮಂದಿ ಬೇಕಲ್ರಿ ಸರ್. ಕರ್ಕೊಂಡು ಬರ್ಲ್ಯಾ?"

"ಏ, ಎದಕ್ಕ? ನಮ್ಮ ಹೆಣ್ಮಕ್ಕಳು ಅದಾರಲ್ಲ!" ಎಂದರು ಇವರು.

ನಾನು ಅಲ್ಲೇ ನಿಂತಿದ್ದೆ. ಮದುವೆ ಮನೆಯಲ್ಲಿ ರಂಪ ಬೇಡವೆಂದು ನುಂಗಿಕೊಂಡೆ.

ಮದುವೆಯ ದಿನ ನಾಷ್ಟಾ ಮುಗಿಯಿತು, ಚಹಾ ಮುಗಿಯಿತು, ಲೋಟಗಳೂ ಮುಗಿದವು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಾನೂ ನನ್ನ ತಮ್ಮನ ಹೆಂಡತಿಯ ಅಕ್ಕನೂ ಮಂಟಪದ ಹಿತ್ತಲಲ್ಲಿ ನಲ್ಲಿಯ ಮುಂದೆ ಕೂತೆವು. ತೊಳೆದಂತೆಲ್ಲ ಬುಟ್ಟಿ ಬುಟ್ಟಿ ಎಂಜಲು ಲೋಟ ಬರುತ್ತಲೇ ಇತ್ತು. "ಲೋಟ ಎಲ್ಲ್ಯದಾವ್ರಿ? ಬೀಗರು ನೀರು ಕೇಳಾಕತ್ತಾರ" ಎಂದು ಒಳಗಿನಿಂದ ಕೂಗು. ಅಷ್ಟರಲ್ಲಿ "ಶುಭಮಂಗಳ ಸಾವಧಾನ" ಕೇಳಿಸಿತು. ಸೋಪಿನ ಕೈಯಲ್ಲೇ ಎದ್ದು ಓಡಿದೆ. ಒಳಗೆ ಬೆನ್ನುಗಳ ಗೋಡೆ. ಕುರ್ಚಿ ಹತ್ತಿ ಮೊಬೈಲ್ ಎತ್ತಿ ಹಿಡಿದ ಗಂಡಸರು. "ಸರೀರಪ್ಪಾ, ಸರೀರಿ" ಎಂದು ನುಗ್ಗಿ ನಾನು ಮುಂದೆ ತಲುಪುವಷ್ಟರಲ್ಲಿ ಓಲಗ ಜೋರಾಗಿ, ತಾಳಿ ಬಿದ್ದು, ಅಕ್ಕಿಕಾಳೆಲ್ಲ ನೆಲದಲ್ಲಿ ಹರಡಿತ್ತು. ಅಳು ಬಂತು. ಯಾರ ಎದುರಿಗೆ ಅಳಲಿ? ತಿರುಗಿ ಹೋಗಿ ನಲ್ಲಿಯ ಮುಂದೆ ಕೂತು ಲೋಟಗಳನ್ನು ಹೊಟ್ಟೆಯೊಳಗಿನ ಬೆಂಕಿಯಿಂದಲೇ ತಿಕ್ಕಿದೆ.

ಆಗ ಬಂದರು ನಮ್ಮ ಮನೆಯವರು, ಜೊತೆಗೆ ಫೋಟೋದವನು. "ಏಳಬ್ಯಾಡ, ಹಂಗ ಕುಂತಿರು. ಲೋಟ ಕೈಯಾಗಿರ್ಲಿ. ನಮ್ಮ ಪರಿಸರದ ಗ್ರೂಪಿಗೆ ಹಾಕ್ತೀನಿ."

ನಾನು ಎದ್ದೆ. "ನೀವು ಬರ್ರಿ" ಎಂದೆ. "ಇಲ್ಲಿ ಕುಂದರ್ರಿ. ನೀವು ಕುಂತ್ರ ಫೋಟೋಕ್ಕ ಕಳೆ ಬರ್ತೈತಿ." ಇವರ ಭುಜದ ಶಾಲು ತೆಗೆದುಕೊಂಡೆ, ಕೈಗೆ ತಿಕ್ಕುವ ನಾರು ಕೊಟ್ಟೆ. ಫೋಟೋದವನು ಆಗಲೇ ಕ್ಯಾಮೆರಾ ಎತ್ತಿದ್ದ, ಇವರಿಗೆ ಏಳಲಾಗಲಿಲ್ಲ. ನನ್ನ ಜೊತೆಗಾತಿಯ ಕೈ ಹಿಡಿದು ಎಬ್ಬಿಸಿ, ನೆಟ್ಟಗೆ ಹೋಗಿ ಊಟಕ್ಕೆ ಕೂತೆ. ಪಕ್ಕದ ಎಲೆಗೆ ಕೂತಿದ್ದ ಶಿಲ್ಪಾ ನನ್ನನ್ನು ನೋಡಿ, "ಅತ್ತಿ, ಅಕ್ಕಿಕಾಳಿಗೆ ಎಲ್ಲಿದ್ದಿ? ಎಲ್ಲಾ ಕಡಿ ನೋಡಿದೆ" ಎಂದಳು. ಅವಳು ನನ್ನನ್ನು ಹುಡುಕಿದ್ದಳು. ಒದ್ದೆ ಕೈಯನ್ನೇ ಅವಳ ತಲೆಯ ಮೇಲಿಟ್ಟೆ.

ಹೋಳಿಗೆ ಬಡಿಸುತ್ತಿದ್ದಂತೆ ಹಿತ್ತಲ ಬಾಗಿಲಲ್ಲಿ ಇವರ ಮುಖ ಕಂಡಿತು. ಪಂಚೆ ಮೊಳಕಾಲವರೆಗೆ ಒದ್ದೆ. ಕಂತ್ರಾಟುದಾರನನ್ನು ಹತ್ತಿರ ಕರೆದು, ಭಾಷಣದ ದನಿಯನ್ನೆಲ್ಲ ನುಂಗಿ, ಪಿಸುಗುಟ್ಟಿದರು.

"ಅಲ್ರೀ, ಆ ಪ್ಲಾಸ್ಟಿಕ್ ಲೋಟ ಏನರ ಅದಾವೇನು ನಿಮ್ಮತ್ರ?"

ನಾನು ಎಲೆಯ ಮುಂದಿನಿಂದಲೇ, ಎರಡೂ ಕಡೆಯ ಬೀಗರಿಗೆ ಕೇಳುವಂತೆ ಕೂಗಿದೆ. "ಒಂದೂ ಕೊಡಬ್ಯಾಡ್ರಿ! ಇದು ಪ್ಲಾಸ್ಟಿಕ್ ಇಲ್ಲದ ಮದುವಿ."

ಆಮೇಲೆ ಹೋಳಿಗೆಗೆ ಇನ್ನೊಂದು ಸಲ ತುಪ್ಪ ಹಾಕಿಸಿಕೊಂಡೆ.