ಟೈರ್ ರೇನೋ ಕೆಮ್ಮಿದ್ದು

ನಮ್ಮ ಸಡ್ಬರಿ ಊರಲ್ಲಿ ನಲವತ್ತು ವರ್ಷ ಪಂಕ್ಚರ್ ಹಾಕಿದವರು ರೇನೋ ಸಾಲ್ಮೆಲಾ. ಟ್ಯೂಬನ್ನು ನೀರಲ್ಲಿ ಅದ್ದುವುದು, ಗುಳ್ಳೆ ಎದ್ದ ಕಡೆ ತೂತು. ಗಾಡಿಯವನು ಸುಳ್ಳು ಹೇಳಬಹುದು, ನೀರು ಹೇಳುವುದಿಲ್ಲ ಎನ್ನುತ್ತಿದ್ದರು.

ಎಪ್ಪತ್ತಾರನೆಯ ವಯಸ್ಸಿಗೆ ಶ್ವಾಸಕೋಶದ ಒಂದು ಭಾಗ ತೆಗೆಸಿಕೊಂಡು, ನಾನು ನರ್ಸ್ ಆಗಿರುವ ವಾರ್ಡಿಗೆ ಬಂದರು. ಪಕ್ಕೆಲುಬಿನ ನಡುವಿನಿಂದ ಹೊರಟ ನಳಿಕೆ ನೆಲದ ಮೇಲಿನ ಡಬ್ಬಿಗೆ ಸೇರಿತ್ತು. ಡಬ್ಬಿಯಲ್ಲಿ ನೀರು. ಶ್ವಾಸಕೋಶ ಸೋರಿದರೆ ಆ ನೀರಲ್ಲಿ ಗುಳ್ಳೆ. ಕೆಮ್ಮಿದರೂ ಗುಳ್ಳೆ ಬರದಿದ್ದರೆ ನಳಿಕೆ ತೆಗೆದು ಮನೆಗೆ ಕಳಿಸುತ್ತೇವೆ. ಇದನ್ನು ಅವರಿಗೆ ವಿವರಿಸಲು ಹೋಗಿ ನಾನೇ ಪೆಚ್ಚಾದೆ.

ಮನೆಗೆ ಹೋಗುವ ಆತುರಕ್ಕೆ ಕಾರಣವಿತ್ತು. ಹೆಂಡತಿ ಐಲಿ ಮರೆವಿನ ಕಾಯಿಲೆಯಿಂದ ವೃದ್ಧಾಶ್ರಮದಲ್ಲಿದ್ದರು. ಹೆತ್ತ ಮಗಳ ಗುರುತೂ ಇಲ್ಲ. ರೇನೋ ಆರು ವರ್ಷದಿಂದ ದಿನಾ ಮಧ್ಯಾಹ್ನ ಹೋಗಿ, ಬಟಾಣಿ ಸೂಪನ್ನು ಚಮಚ ಚಮಚವಾಗಿ ಊದಿ ಕುಡಿಸುತ್ತಿದ್ದರು. ತಾನು ತಪ್ಪಿದರೆ ತನ್ನನ್ನೂ ಮರೆಯುತ್ತಾಳೆಂಬ ಭಯ ಅವರಿಗೆ.

ಆರನೆಯ ದಿನ ಡಾಕ್ಟರು ಕೆಮ್ಮಲು ಹೇಳಿದರು. ಮುದುಕ ಗಂಟಲಲ್ಲೇ ಒಂದು 'ಹುಂ' ಅಂದರು. ಗುಳ್ಳೆ ಬರಲಿಲ್ಲ. ಮಧ್ಯಾಹ್ನ ನಳಿಕೆ ತೆಗೆಯಿರಿ ಎಂದು ಡಾಕ್ಟರು ಹೊರಟರು. ಇಪ್ಪತ್ತೆರಡು ವರ್ಷ ಇಲ್ಲೇ ಸವೆದವಳಿಗೆ ಕಳ್ಳಕೆಮ್ಮು ಗೊತ್ತಾಗದೇ? ಮೈಯೆಲ್ಲ ಉರಿಯಿತು.

"ರೇನೋ ಅವರೇ, ತೂತಿರೋ ಟೈರಿಗೆ ಗಾಳಿ ತುಂಬಿ ಯಾರನ್ನಾದ್ರೂ ಹೆದ್ದಾರಿಗೆ ಕಳ್ಸಿದ್ದೀರಾ?"

ಅವರು ನೆಲದ ಮೇಲಿನ ಡಬ್ಬಿಯನ್ನು ನೋಡಿದರು. ಆಮೇಲೆ ದಿಂಬನ್ನು ಎದೆಗೆ ಅವುಚಿ, ನಿಜವಾಗಿ ಕೆಮ್ಮಿದರು. ಡಬ್ಬಿಯಲ್ಲಿ ಗುಳುಗುಳು ಎದ್ದಿತು.

"ಇನ್ನೂ ಸೋರ್ತಿದೆ, ನೋಡಮ್ಮ," ಎಂದು ಮುಖ ಗೋಡೆಗೆ ತಿರುಗಿಸಿದರು.

ಡಾಕ್ಟರನ್ನು ವಾಪಸು ಕರೆದೆ. ನಳಿಕೆ ಇನ್ನೂ ಐದು ದಿನ ಉಳಿಯಿತು. ನಾನು ಮಾಡಿದ್ದು ಸರಿಯೇ, ಆದರೂ ಆ ಐದು ದಿನ ನನಗೆ ಊಟ ರುಚಿಸಲಿಲ್ಲ. ಹನ್ನೊಂದನೆಯ ದಿನ ಎಷ್ಟು ಕೆಮ್ಮಿದರೂ ನೀರು ಕದಲಲಿಲ್ಲ.

ಮುಂದಿನ ವಾರ ರೇನೋ ಹೊಲಿಗೆ ಬಿಚ್ಚಿಸಲು ಬಂದಾಗ ಐಲಿಯ ಬಗ್ಗೆ ಕೇಳಲು ನನಗೆ ಧೈರ್ಯವಾಗಲಿಲ್ಲ. ಅವರೇ ಹೇಳಿದರು. ಬಾಗಿಲಲ್ಲಿ ಇವರನ್ನು ಕಂಡವಳೇ "ಯಾರು ನೀವು?" ಅಂದಳಂತೆ. ಇವರು ಪಕ್ಕದಲ್ಲಿ ಕೂತು, ಸೂಪಿನ ಚಮಚ ಅವಳ ಬಾಯಿಗೆ ಹಿಡಿದರಂತೆ. ಅವಳು ಮುಖ ಹಿಂದೆಳೆದಳಂತೆ.

"'ಇವತ್ತು ಊದ್ಲೇ ಇಲ್ವಲ್ಲೋ ನೀನು' ಅಂದ್ಳಮ್ಮ," ಎಂದರು ರೇನೋ. "ಊದ್ದೆ. ಉಸಿರು ಸಾಕಷ್ಟಿತ್ತು."